ಸೊನ್ನೆ ಚೀಟಿ

ಶನಿವಾರದ ಮೊದಲ ಬಸ್ಸು, ಧಾರವಾಡ.
ಕಂಡಕ್ಟರ್ ನನ್ನ ಆಧಾರ್ ನೋಡಿ
ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ.
ಜುಹೂರಾಳ ಪಾಸ್‌ಪೋರ್ಟು ಅತ್ತಿತ್ತ ತಿರುವಿ
"ಇದು ನಡಿಯಂಗಿಲ್ರಿ ಅಕ್ಕಾರ." ಪೂರ್ತಿ ದರ.
ಹೆಣ್ಣಾದರಷ್ಟೇ ಸಾಲದು, ಇಲ್ಲಿಯವಳೂ ಆಗಿರಬೇಕು
ಎಂದು ನಾನು ವಿವರಿಸಿದೆ.
ಎಲ್ಲ ಕಡೆಯೂ ಹಾಗೇ, ಎಂದು ಅವಳು ನಕ್ಕಳು.
ಚಿಕೊಂಡಿ ಕಿಟಕಿ ಹಿಡಿದು ಆಗಲೇ ನಿದ್ದೆ.

ಬಾದಾಮಿ ಆಗಿತ್ತು, ದಾಂಡೇಲಿ ಆಗಿತ್ತು,
ಒಮ್ಮೆ ಬಸ್ಸು ತಪ್ಪಿ ಸುಮ್ಮನೆ ಹಳಿಯಾಳ.
ಅವಳ ಹಾಸ್ಟೆಲಿನ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ
ಕಾರವಾರ ಮೊದಲಿಂದಲೂ ಇತ್ತು.
ನಾನೇ ಮುಂದೂಡುತ್ತಿದ್ದೆ: ಪರೀಕ್ಷೆ, ನೆಗಡಿ, ಘಟ್ಟದ ರಸ್ತೆ ಸರಿಯಿಲ್ಲ.
ನಿಜವೆಂದರೆ, ನಮ್ಮ ಓಣಿಯ ತುದಿಯಲ್ಲಿ ತಾರ್ಲೆ ಒಣಹಾಕುತ್ತಾರೆ.
ವಾಸನೆ ಬೈತಖೋಲದಿಂದಲೇ ಕೈಹಿಡಿದು ಮನೆತನಕ ಬರುತ್ತದೆ.
ಮೊದಲ ವರ್ಷ ಮೆಸ್ಸಿನಲ್ಲಿ
ಒಣಸಿಗಡಿ ಚಟ್ನಿಯ ಡಬ್ಬಿ ತೆರೆದಾಗ
ಪಕ್ಕದ ಮೇಜು ಎದ್ದುಹೋಗಿತ್ತು.
ಅಂದಿನಿಂದ ಡಬ್ಬಿ ಟ್ರಂಕಿನ ತಳಕ್ಕೆ, ಸ್ವೆಟರಿನೊಳಗೆ.
ಘಟ್ಟದ ಮೇಲೆ ನಾನೂ ಒಂದು ಬಗೆಯ ಪರದೇಶದವಳು,
ವೀಸಾ ಕೇಳುವವರಿರಲಿಲ್ಲ, ಅಷ್ಟೆ.

ಅರಬೈಲಿನ ತಿರುವುಗಳಲ್ಲಿ ಜುಹೂರಾ ಕಣ್ಮುಚ್ಚಿ ಸೂರಾ ಓದಿಕೊಂಡಳು.
ಅಂಕೋಲೆಯಲ್ಲಿ ಕಣ್ಣು ಬಿಟ್ಟು, ಗಾಳಿ ಮೂಸಿ
"ಉಪ್ಪು" ಎಂದಳು,
ಅವಳಿಗೆ ಬರುವ ಆರು ಕನ್ನಡ ಪದಗಳಲ್ಲಿ ಒಂದು.

ಲಾಜಿನವನಿಗೆ ವಿದೇಶಿಯರೆಂದರೆ ಭಯ.
ನೌಕಾನೆಲೆ ಹತ್ತಿರ, ಫಾರ್ಮು ತುಂಬಬೇಕು,
ತುಂಬುವ ಹುಡುಗ ರಜೆಯಲ್ಲಿ.
ಬೇರೆ ದಾರಿಯಿಲ್ಲದೆ ಮನೆಗೇ.
ಅಪ್ಪ ಠಾಣೆಗೆ ಹೋಗಿ ಬರೆಸಿ ಬಂದ.
ಇವರು ನಿಮಗೇನಾಗಬೇಕು ಎಂದಿದ್ದಕ್ಕೆ
ನೆಂಟರು ಎಂದನಂತೆ.

ಆಯಿಗೆ ಕೊಂಕಣಿ. ಅವರಿಗೆ ಸ್ವಾಹಿಲಿ, ಚೆವಾ.
ನಡುವೆ ನಾನು, ನಡುವೆ ತಿಸ್ರೆ ಸುಕ್ಕೆ.
ಚಿಕೊಂಡಿ ತಡೆದು ತಡೆದು ಒಂದು ಪೊಟ್ಟಣ ಹೊರತೆಗೆದ,
ಊರಿಂದ ತಾಯಿ ಕಳಿಸಿದ್ದು, ಉಸಿಪಾ,
ಬೆರಳುದ್ದದ ಬೆಳ್ಳಿಮೀನು, ಮರಳ ಮೇಲೆ ಒಣಗಿದ್ದು.
ಅವನೂ ಅದನ್ನು ಸ್ವೆಟರಿನಲ್ಲಿ ಸುತ್ತಿಟ್ಟಿದ್ದ.
ಆಯಿ ಒಂದನ್ನೆತ್ತಿ, ಬೆನ್ನು ಮುರಿದು, ಮೂಸಿ
"ಬಿಸಿಲು ಚಲೋ ಕೊಟ್ಟಿದ್ದಾಳೆ, ಉಪ್ಪು ಸಾಲದು" ಎಂದಳು.
ನಾನು ದಾಟಿಸಿದೆ, ಅವನು ಫೋನಿನಲ್ಲಿ ದಾಟಿಸಿದ,
ಅಲ್ಲಿಂದ ಉತ್ತರ ಬಂತು, ಖಾರವಾಗಿಯೇ.
ಒಬ್ಬರನ್ನೊಬ್ಬರು ನೋಡದ ಇಬ್ಬರು ಹೆಂಗಸರು
ಒಂದು ಚಿಟಿಕೆ ಉಪ್ಪಿಗಾಗಿ ಜಗಳಕ್ಕೆ ನಿಂತರು,
ನಾನು ಪಾತ್ರೆ ತೊಳೆದು ಬರುವವರೆಗೂ.

ಭಾನುವಾರ ಬೆಳಿಗ್ಗೆ ಕೋಡಿಬಾಗ.
ಕಾಳಿ ಕಡಲಾಗುವಲ್ಲಿ ಚಿಕೊಂಡಿ ಪ್ಯಾಂಟು ಮಡಚಿ ಇಳಿದ.
ಅವನ ನಾಡಿಗೆ ಕಡಲಿಲ್ಲ, ಇರುವುದು ಕೆರೆ.
(ಕೆರೆ ಎಂದರೆ ಸಿಟ್ಟು: ಆಚೆ ದಡ ಕಾಣದ್ದು ಹೇಗೆ ಕೆರೆ?)
ಅಲೆಯಿಂದ ಬೊಗಸೆ ತುಂಬಿ ಕುಡಿದ. ಉಗುಳಿದ.
"ಇಷ್ಟೊಂದು ನೀರು! ಕೆಡಿಸಿದ್ದು ಯಾರು?"

ದಡಕ್ಕೆಳೆದ ದೋಣಿ ತೋರಿಸಿ ನಾನು ಮಚ್ವೆ ಎಂದೆ.
ಮಶುವಾ, ಎಂದು ತಿದ್ದಿದಳು ಜುಹೂರಾ.
ಬಂದರು. ಬಂದರಿ.
ಪೈಸೆ. ಪೇಸಾ.
ಯಾವ ಗಾಳಿಗೆ ಹಾಯಿ ಕಟ್ಟಿದವರು ಬಿಟ್ಟುಹೋದ ಸಾಮಾನೋ,
ಎರಡೂ ದಡದಲ್ಲಿ ಇನ್ನೂ ಬಳಕೆಯಲ್ಲಿದೆ.

ಆಮೇಲೆ ಅಲೆಯ ಸದ್ದು ಮುದ್ರಿಸಿ
ಜಂಜಿಬಾರಿನ ತಾಯಿಗೆ ಕಳಿಸಿದಳು:
ಕೇಳು, ನಮ್ಮದೇ ಕಡಲು.
ತಾಯಿ ಬರೆದಳು: ನಮ್ಮದಲ್ಲ.
ನಮ್ಮದು ಇಷ್ಟು ಅವಸರ ಮಾಡುವುದಿಲ್ಲ.
ಅದನ್ನೋದಿ ಜುಹೂರಾ ತುಂಬ ಹೊತ್ತು
ಒದ್ದೆ ಮರಳಲ್ಲಿ ಚಪ್ಪಲಿ ಹುಡುಕುತ್ತಿದ್ದಳು.
ಚಪ್ಪಲಿ ಕಾಲಲ್ಲೇ ಇತ್ತು.

ಸಂಜೆ ವಾಪಸು. ಆಯಿ ಕಟ್ಟಿದ ಒಣತಾರ್ಲೆ ನನ್ನ ಮಡಿಲಲ್ಲಿ,
ಬರಿ ಪೇಪರಿನಲ್ಲಿ.
ಮುಂದಿನ ಸೀಟಿನವರು ಕಿಟಕಿ ತೆರೆದರು. ತೆರೆಯಲಿ.
ಯಲ್ಲಾಪುರ ದಾಟಿದ ಮೇಲೆ ಕತ್ತಲಲ್ಲಿ ಜುಹೂರಾ
"ನಿನ್ನ ಸೊನ್ನೆ ನನಗೆ ಕೊಡು" ಎಂದಳು.
ಬದಲಿಗೆ ತನ್ನ ಪೂರ್ತಿ ದರದ ಚೀಟಿ ಕೊಟ್ಟಳು.

ಅವಳು ಹೋಗಿ ನಾಲ್ಕು ವರ್ಷ.
ಚೀಟಿ ನನ್ನ ರಸಾಯನಶಾಸ್ತ್ರದ ಪುಸ್ತಕದಲ್ಲಿದೆ.
ದರ ಮಾಸಿಹೋಗಿದೆ, ತಾರೀಖೂ.
ಕಾರವಾರ ಎಂದಿದ್ದಲ್ಲಿ
ಈಗ ಓದಲು ಬರುವುದು
ವಾರ ಮಾತ್ರ.